ಸ್ವಂತ ವಾಕ್ಯದಲ್ಲಿ ಬಳಸಿರಿ

ಪ್ರಶ್ನೆ ನಾಲ್ಕು, ಅಂಕ ಒಂದು:
'ಕ್ಷಣಿಕ' – ಸ್ವಂತ ವಾಕ್ಯದಲ್ಲಿ ಬಳಸಿರಿ.
ಅವಸರದಲ್ಲಿ ನಾನೇ ಕೊಟ್ಟ ಪದ.
ಹಿಂದಿನ ದಿನ ಬೋರ್ಡಿನ ಮೇಲೆ ಅರ್ಥ ಬರೆದಿದ್ದೆ,
ಬಹುಬೇಗ ಕಳೆದುಹೋಗುವಂಥದ್ದು ಎಂದು.
ಬೆಲ್ಲಾಯಿತು. ಹಿಂದಿ ಸರ್ ಬಂದು ಒರೆಸಿದರು.

ಮೂವತ್ತೊಂದು ಪತ್ರಿಕೆ, ಕಡಿದ ರಬ್ಬರ್ ಬ್ಯಾಂಡು,
ಕಲ್ಮಾಡಿಯ ಬಾಡಿಗೆ ಕೋಣೆ. ಕಿಟಕಿಯಲ್ಲಿ
ಮೀನೆಣ್ಣೆಯ ವಾಸನೆ, ಗಾಳಿ ತಿರುಗಿದರೆ ಹೋಗುತ್ತದೆ,
ಹೋಗದಿದ್ದರೆ ಅಭ್ಯಾಸವಾಗುತ್ತದೆ.

ಹನ್ನೆರಡು ಮಂದಿ ನೀರ ಮೇಲಿನ ಗುಳ್ಳೆಯನ್ನೇ ಬರೆದಿದ್ದಾರೆ.
ಒಬ್ಬನ ಗುಳ್ಳೆಯನ್ನು ಇನ್ನೊಬ್ಬ ಇಣುಕಿದ್ದಾನೆ,
ಹಿಂದಿನ ಬೆಂಚಿಗೆ ತಲುಪುವಾಗ ಅದು ಗೂಳಿಯಾಗಿದೆ:
'ನೀರ ಮೇಲಿನ ಗೂಳಿ ಕ್ಷಣಿಕ.'
ಹೌದು ಮಾರಾಯ, ಮುಳುಗಲೇಬೇಕಲ್ಲ ಅದು.
ಅರ್ಧ ಅಂಕ.

ರಿಶೆಲ್ ಮೆಂಡೋನ್ಸಾ ಇದೊಂದು ಹೆಸರೆಂದು ತಿಳಿದಿದ್ದಾಳೆ:
'ಕ್ಷಣಿಕ ನನ್ನ ಗೆಳತಿ. ಅವಳು ಇವತ್ತು ಬಂದಿಲ್ಲ.'
ತಪ್ಪು ಹಾಕಲು ಹೋಗಿ
ಎರಡು ಸಲ ಓದಿದೆ.

ಅಫ್ರಾಳ ಅಮ್ಮ ಬಂದರಿನ ಗೇಟಿನಲ್ಲಿ ಚಾ ಮಾರುವವಳು.
ಅಫ್ರಾ ಬರೆಯುತ್ತಾಳೆ: 'ಬೂತಾಯಿಯ ರೇಟು ಕ್ಷಣಿಕ,
ಆರು ಗಂಟೆಗೆ ಇನ್ನೂರ ನಲವತ್ತು, ಹತ್ತಕ್ಕೆ ನೂರ ಇಪ್ಪತ್ತು,
ಮಧ್ಯಾಹ್ನ ಫಿಶ್‌ಮಿಲ್ಲಿನ ಲಾರಿ.'
ಇಷ್ಟು ಲೆಕ್ಕ ಯಾವ ನಿಘಂಟಿನಲ್ಲೂ ಇಲ್ಲ.

ಹುಲಿಗೆಮ್ಮ, ಕೊಪ್ಪಳದ ಕಡೆಯವಳು,
ಅಪ್ಪ ಐಸ್ ಪ್ಲಾಂಟಿನಲ್ಲಿ ಗಡ್ಡೆ ಒಡೆಯುತ್ತಾನೆ:
'ಈ ಸಾಲಿ ನನಗ ಕ್ಷಣಿಕ ಐತಿ,
ಬೋಟು ಬಂದಾದ ಮ್ಯಾಲೆ ಊರಿಗೆ ಹೊಕ್ಕೀವಿ.'
ಗ್ರಾಂಥಿಕವಾಗಿ ಬರೆ ಎಂದು ಷರಾ ಹಾಕಬೇಕಿತ್ತು.
ನನಗೂ ಮಾರ್ಚ್ ಕೊನೆಯವರೆಗೆ ಮಾತ್ರ ಈ ಶಾಲೆ;
ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ
ಅತಿಥಿ ಎಂದಿದೆ.
ಈ ಅತಿಥಿಗೆ ಬೆಲ್ಲ ನೀರು ಕೊಟ್ಟವರಿಲ್ಲ,
ಮೂರು ತಿಂಗಳ ಸಂಬಳವೂ ಬಂದಿಲ್ಲ.

ಈ ಪದಕ್ಕೆ ತುಳುವಿನಲ್ಲಿ ಏನೆನ್ನುತ್ತಾರೆ?
ತೀರಿಹೋದ ಅಜ್ಜಿಯ ಬಾಯಲ್ಲಿ ಹುಡುಕಿದೆ, ಸಿಗಲಿಲ್ಲ.
ಅಲ್ಲಿ 'ಇತ್ತೆ ಬರ್ಪೆ' ಇತ್ತು, ಈಗ ಬಂದೆ;
ಹೊರಡುವವರೆಲ್ಲ ಅದನ್ನೇ ಹೇಳಿ ಹೊರಡುತ್ತಿದ್ದರು.
ಬರೀ 'ಪೋಪೆ' ಎಂದರೆ ಅಜ್ಜಿ ಬಯ್ಯುತ್ತಿದ್ದಳು,
'ಪೋದು ಬರ್ಪೆ' ಎನ್ನಬೇಕು, ಅಂಗಡಿಗಾದರೂ ಸೈ,
ಆಸ್ಪತ್ರೆಗಾದರೂ ಸೈ.
ಆಕೆಯೂ ಹಾಗೆಯೇ ಹೇಳಿ ಆಟೋ ಹತ್ತಿದ್ದು.

ಕೊನೆಯ ಪತ್ರಿಕೆ ತನುಷ್ ತಿಂಗಳಾಯನದು.
ಏಡಿಮರಿಯ ಹಾಗೆ ಗೆರೆ ಬಿಟ್ಟು
ಅಡ್ಡಡ್ಡ ಓಡುವ ಅಕ್ಷರ:

'ಬೋಟು ಹೊರಟ ಮೇಲೆ ಅಪ್ಪನ ಫೋನು ಕ್ಷಣೀಕ.
ಲೈಟ್‌ಹೌಸ್ ಕಾಣದ ಮೇಲೆ ರೇಂಜ್ ಇಲ್ಲ, ಹತ್ತು ದಿನ ಇಲ್ಲ.
ಅಮ್ಮ ಮಾತಾಡಿ ನನಗೆ ಕೊಡುವಾಗ ಹಲೋ ಮಾತ್ರ.'

ಒಂದು ವಾಕ್ಯ ಕೇಳಿದ್ದೆ, ಮೂರು ಬರೆದಿದ್ದಾನೆ.
ಸಾಲದ್ದಕ್ಕೆ ಣಿಗೆ ದೀರ್ಘ ಕೊಟ್ಟಿದ್ದಾನೆ.

ಕೆಂಪು ಪೆನ್ನು ಆ ದೀರ್ಘದ ಹತ್ತಿರ ಹೋಗಿ ನಿಂತಿತು.
ಹ್ರಸ್ವವೇ ಸರಿ, ನನಗೆ ಗೊತ್ತು.
ನಾಳೆ ಎಲ್ಲರಿಂದ ಹತ್ತು ಸಲ ಬರೆಸಬೇಕಾದ ತಪ್ಪು.
ಆದರೆ ಲೈನು ಕಡಿಯುವ ತನಕ
ಹಲೋ ಎಂಬುದನ್ನು ಎಳೆಯುತ್ತೇವಲ್ಲ,
ಹಾಗೆ ಎಳೆದಿದ್ದಾನೆ ಹುಡುಗ,
ಕಾಗದ ತುಸು ಹರಿದಿದೆ ಅಲ್ಲಿ.

ಕರೆಂಟು ಹೋಯಿತು.
ಬೆಂಕಿಪೊಟ್ಟಣ ಸಿಗುವ ಮೊದಲೇ ಬಂತು.
ನಡುವೆ ಕಿಟಕಿಯಾಚೆ ಬಂದರಿನ ಬೋಟುಗಳ ದೀಪ
ಇಷ್ಟೊಂದು ಇವೆಯೆಂದು
ನಾಲ್ಕು ತಿಂಗಳಲ್ಲಿ ಮೊದಲ ಸಲ ಕಂಡದ್ದು.

ಒಟ್ಟು ಇಪ್ಪತ್ತೈದಕ್ಕೆ ಹದಿಮೂರೂವರೆ.
ಕೆಳಗೆ ಪೋಷಕರ ಸಹಿಗೆ ಒಂದು ಗೆರೆ,
ನಾಳೆಯೇ ತರಬೇಕೆಂಬುದು ಶಾಲೆಯ ನಿಯಮ.
ಅದರ ಪಕ್ಕ ಕೆಂಪಿನಲ್ಲೇ ಬರೆದೆ:
ಬೋಟು ಬಂದ ಮೇಲೆ ಸಾಕು.